ಅಗೆದ ನೆಲ

ಪೂಜ್ಯ ಅಡಿವೆಯ್ಯ ಅಜ್ಜನವರು ಆಗ ಊರಾಚೆ, ಕುಷ್ಠರೋಗಿಗಳಿಗೆಂದು ಹಾಕಿದ್ದ ತಗಡಿನ ಚಪ್ಪರದಲ್ಲೇ ವಾಸವಾಗಿದ್ದರು. ಬೇವಿನೆಲೆ ಕುದಿಸಿದ ನೀರಿನಿಂದ ರೋಗಿಗಳ ಹುಣ್ಣು ತೊಳೆಯುವುದೇ ಅವರ ನಿತ್ಯಪೂಜೆ. ಕಾಲರಾ ಬಂದುಹೋದ ಮರುತಿಂಗಳು ಗಾಣದ ಗೂಳಪ್ಪನೆಂಬವನು ಅಲ್ಲಿಗೆ ಬಂದನು. ಅವನಲ್ಲಿ ಭಕ್ತಿಯೇನೂ ಇರಲಿಲ್ಲ. ಬೇರೆ ಯಾರ ಮುಂದೆಯೂ ಹೇಳಿಕೊಳ್ಳಲಾಗದ ಮಾತೊಂದಿತ್ತು.

ಗೂಳಪ್ಪನೂ ಅವನ ತಮ್ಮ ದುಂಡಪ್ಪನೂ ಎಣ್ಣೆಗಾಣ ನಡೆಸುತ್ತಿದ್ದರು, ಗಳಿಕೆಯಲ್ಲಿ ಸಮಪಾಲು. ದುಂಡಪ್ಪ ಎಲ್ಲರೊಡನೆ ನಗುನಗುತ್ತ ಇರುವವನು, ತಲೆಯಿಟ್ಟೊಡನೆ ನಿದ್ದೆ ಹೋಗುವವನು. ಗೂಳಪ್ಪನಿಗೆ ಹುಟ್ಟಿನಿಂದಲೇ ಅಂಜಿಕೆ. ಒಂದು ಗಾಣ ಮೂರಾದರೂ ಆ ಅಂಜಿಕೆ ತಗ್ಗಲಿಲ್ಲ. ತನ್ನಷ್ಟೇ ಗಳಿಸುವ ತಮ್ಮ ಇಷ್ಟು ಹಾಯಾಗಿ ಹೇಗಿದ್ದಾನೆಂದು ಯೋಚಿಸಿ ಯೋಚಿಸಿ, ಕದ್ದು ಎಲ್ಲೋ ಬಚ್ಚಿಟ್ಟಿರಬೇಕೆಂದು ನಿಶ್ಚಯಿಸಿದನು. ನಾಲ್ಕು ಜನರ ಎದುರು ಕಳ್ಳನೆಂದು ಕರೆದು ಗಾಣದಿಂದ ಹೊರಹಾಕಿದನು. ದುಂಡಪ್ಪ ಎಣ್ಣೆಡಬ್ಬಿ ಹೊತ್ತು ಹಳ್ಳಿ ಹಳ್ಳಿ ತಿರುಗಿದ. ಆಗಲೂ ಅವನ ನಗು ಮಾಸಲಿಲ್ಲ. ಅಣ್ಣನ ಸಂಶಯ ಗಟ್ಟಿಯಾಯಿತು.

ಕಾಲರಾ ದುಂಡಪ್ಪನನ್ನು ಎರಡೇ ದಿನದಲ್ಲಿ ಒಯ್ದಿತು. ಮಣ್ಣು ಮಾಡಿದ ಮೂರನೆಯ ದಿನ ಗೂಳಪ್ಪ ಗುದ್ದಲಿ ಹಿಡಿದು ತಮ್ಮನ ಮನೆ ಹೊಕ್ಕನು. ತಮ್ಮನ ಹೆಂಡತಿ ಗಂಗವ್ವ ಕೂಸನ್ನು ಅವಚಿಕೊಂಡು ಗೋಡೆಗೆ ಒರಗಿ ನೋಡುತ್ತಿದ್ದಳು. ಅವನು ಒಲೆ ಕಿತ್ತನು, ಪಡಸಾಲೆ ಅಗೆದನು, ಕೊನೆಗೆ ಮಣ್ಣಿಗೊಯ್ಯುವ ಮುನ್ನ ಹೆಣ ಕೂರಿಸಿದ್ದ ಜಾಗವನ್ನೂ ಅಗೆದನು. ಮಣ್ಣಿನ ಹೊರತು ಏನೂ ಸಿಗಲಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿ ಅವನು ಕೇಳಿದನು: "ಏನೂ ಇದ್ದಿದ್ದಿಲ್ರಿ ಅಜ್ಜಾರ. ಮತ್ತ ಅಂವ ಯಾವುದರ ಮ್ಯಾಲೆ ಅಷ್ಟು ಸುಖದಾಗಿದ್ದ?"

ಅಜ್ಜನವರು ರೋಗಿಯೊಬ್ಬನ ಪಾದ ತೊಳೆಯುತ್ತಿದ್ದರು. ತಲೆಯೆತ್ತದೆ ನುಡಿದರು: "ಅದು ಅವನ ಸ್ವಭಾವದಾಗ ಇತ್ತು. ನೀ ಮನಿಯಾಗ ಹುಡುಕಿದಿ."

ಗೂಳಪ್ಪ ಅಲ್ಲೇ ಕುಳಿತನು. ತನಗೆ ಅಂಥ ಸ್ವಭಾವ ಎಂದಾದರೂ ಬಂದೀತೇ ಎಂದು ಕೇಳಿದನು. ಅಜ್ಜನವರು ಸಮಾಧಾನದ ಸುಳ್ಳು ಹೇಳುವವರಲ್ಲ.

"ಬರಲಿಕ್ಕಿಲ್ಲ. ನಿನ್ನ ಅಂಜಿಕಿ ಗಾಣ ಹೆಚ್ಚಾದ್ರ ಹೋಗೂದಿಲ್ಲ. ಅದಕ್ಕ ಇನ್ನೊಬ್ಬರನ್ನ ಕಳ್ಳರನ್ನ ಮಾಡಬ್ಯಾಡ. ಹೋಗು, ಆ ನೆಲಾ ನಿನ್ನ ಕೈಲೆ ಮುಚ್ಚು."

ಅಂದೇ ಹೋಗಿ ಅವನು ಕುಣಿಗಳನ್ನು ತುಂಬಿ, ಒಲೆ ಹೂಡಿ, ನೆಲ ಸಾರಿಸಿದನು. ಗಂಗವ್ವ ಅಂದೂ ಮಾತಾಡಲಿಲ್ಲ, ಮುಂದೆಯೂ ಅವನೊಡನೆ ಮಾತಾಡಲಿಲ್ಲ. ತಮ್ಮನ ಪಾಲನ್ನು ಅವಳ ಹೆಸರಿಗೆ ಮಾಡಿಸಿದ ಗೂಳಪ್ಪ, ತನ್ನ ಆಯುಷ್ಯದಲ್ಲಿ ಉಳಿದ ಇಪ್ಪತ್ತು ವರ್ಷ ಪ್ರತಿ ಬೆಳಿಗ್ಗೆ ಅಜ್ಜನವರ ಚಪ್ಪರಕ್ಕೆ ನೀರು ಹೊತ್ತನು. ಮನಸ್ಸಿಗೆ ಈಗ ಶಾಂತಿ ಸಿಕ್ಕಿತೇ ಎಂದು ಭಕ್ತರೊಬ್ಬರು ಕೇಳಿದಾಗ ಅವನು ಕೊಡ ಇಳಿಸದೆಯೇ ಉತ್ತರಿಸಿದನಂತೆ:

"ಇಲ್ರಿ. ಅಂಜಿಕಿ ಹಂಗ ಐತಿ. ಆದ್ರ ಅದು ನಂದು ಅನ್ನೂದು ಈಗ ಗೊತ್ತೈತಿ."