ಅಂಗಡಿಯಲ್ಲಿ ಕರೆಂಟು ಹೋದಾಗ

ಅಂಗಡಿಯ ಮೇಜಿನ ಮೇಲೆ ಒಂದು ದೊಡ್ಡ ಕಂಪ್ಯೂಟರೂ ತಿಂಡಿ ಡಬ್ಬಿಯಷ್ಟು ಪುಟ್ಟ ಕಂಪ್ಯೂಟರೂ ಅಕ್ಕಪಕ್ಕ ಓಡುತ್ತಿದ್ದವು.

"ನಿನ್ನಿಂದ ಫ್ಯಾನಿನ ಸದ್ದೇ ಇಲ್ಲ. ಬದುಕಿದ್ದೀಯೇನು?" ಎಂದಿತು ದೊಡ್ಡದು.

"ಬದುಕಿದ್ದೇನೆ. ನನಗೆ ಅಷ್ಟು ಸೆಕೆಯಾಗುವುದಿಲ್ಲ."

"ನಾನು ಸಿನಿಮಾದ ಯುದ್ಧಗಳನ್ನೇ ಕಟ್ಟಬಲ್ಲೆ. ನೀನು?"

"ಪತ್ರ ಬರೆಯಬಲ್ಲೆ, ಹಾಡು ಕೇಳಿಸಬಲ್ಲೆ, ದೂರದವರ ಮುಖ ತೋರಿಸಬಲ್ಲೆ," ಎಂದು ಪುಟ್ಟದು ತನ್ನ ಪಾಡಿಗೆ ಹಾಡತೊಡಗಿತು.

ಅಷ್ಟರಲ್ಲಿ ಸೆಲಿನ್ ಬಾಯಿ ಬಂದರು. "ಮನೆಯಲ್ಲಿ ದಿನಾ ಬಳಸಲಿಕ್ಕೆ ಒಂದು ಕಂಪ್ಯೂಟರ್ ಬೇಕಿತ್ತು."

"ದೊಡ್ಡದನ್ನೇ ತಕೊಳ್ಳಿ ಬಾಯಮ್ಮ, ಮುಂದೆ ಬೇಕಾದೀತು," ಎಂದರು ಅಂಗಡಿಯ ಮಾಲೀಕ ಪ್ರಭುಗಳು.

ದೊಡ್ಡದು ಉಬ್ಬಿಹೋಯಿತು. "ಕೇಳಿದೆಯಾ? ನನ್ನ ಶಕ್ತಿಯ ಮುಂದೆ ನೀನು..." ಎನ್ನುವಷ್ಟರಲ್ಲಿ ಕರೆಂಟು ಹೋಯಿತು.

ಅಂಗಡಿಯ ಭಾರವೆಲ್ಲ ಇನ್ವರ್ಟರಿನ ಮೇಲೆ ಬಿತ್ತು. "ಹೊರಲಾರೆ, ಹೊರಲಾರೆ!" ಎಂದು ಅದು ಕೀರಲು ದನಿಯಲ್ಲಿ ಕೂಗಿತು. ಪ್ರಭುಗಳು ರೂಢಿಯಂತೆ ಓಡಿಬಂದು ದೊಡ್ಡದನ್ನು ಆಫ್ ಮಾಡಿದರು. ಕೂಗು ನಿಂತಿತು. ಪುಟ್ಟದರ ಹಾಡು ಮಾತ್ರ ನಿಲ್ಲಲಿಲ್ಲ.

ಸೆಲಿನ್ ಬಾಯಿ ನಕ್ಕರು. "ನಮ್ಮ ಮನೆಯಲ್ಲೂ ಇಂಥದ್ದೇ ಇನ್ವರ್ಟರ್ ಇರುವುದು, ಪ್ರಭುಗಳೇ. ನೀವು ಯಾವುದನ್ನು ಆಫ್ ಮಾಡಲಿಲ್ಲವೋ ಅದನ್ನೇ ಕಟ್ಟಿಕೊಡಿ."

ಸಂಜೆ ಕರೆಂಟು ಬಂತು. ಪ್ರಭುಗಳು ದೊಡ್ಡದರ ಸ್ವಿಚ್ ಹಾಕಿದರು. ಅದು ಗುಂಯ್ ಎಂದು ಎದ್ದು, ಬಿಟ್ಟಲ್ಲಿಂದಲೇ ಮಾತು ಮುಂದುವರಿಸಿತು:

"...ಏನೂ ಅಲ್ಲ. ತಿಳಿಯಿತೇ?"

ಪುಟ್ಟದು ಕೂತಿದ್ದ ಜಾಗ ಖಾಲಿಯಾಗಿತ್ತು.