ಹಗುರಾಗೋತನಕ ಕೈ ತೆಗೀಬ್ಯಾಡ

ಬರ್ರಿ, ಹಿಂಗ ಸಮೀಪ ಕೂಡ್ರಿ, ಯಮನೂರನ ಕತೆ ಹೇಳತೀನಿ.

ಒಂದೂರಲ್ಲಿ ಹಾಲವ್ವ ಅಂತ ಒಬ್ಬಳಿದ್ದಳು. ಊರಿನ ದುಃಖವೆಲ್ಲ ಅವಳ ಕಟ್ಟೆಗೇ ಬರುತ್ತಿತ್ತು. ಯಾರು ಬಂದು ಅತ್ತರೂ ಆಕೆ ಹೆಚ್ಚು ಮಾತಾಡುತ್ತಿರಲಿಲ್ಲ. ಸುಮ್ಮನೆ ಕೂತು ಕೇಳುತ್ತಿದ್ದಳು, ಬಂದವರು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು. ಅವಳಿಗೆ ಒಬ್ಬನೇ ಮಗ, ಯಮನೂರ. ಮನಸ್ಸು ಬೆಣ್ಣೆ, ತಲೆ ಮಾತ್ರ ಒರಳುಕಲ್ಲು!

ವಯಸ್ಸಾಗಿ ಹಾಲವ್ವನ ಕಿವಿ ಮಂದವಾಯಿತು.

"ಇನ್ನ ಮಂದಿ ಯಾರ ಮುಂದ ಅಳಬೇಕೋ ಯಪ್ಪಾ! ಈ ಕೆಲಸ ನೀನರೆ ಕಲಿ."

"ಏನ್ ಮಾಡ್ಲಿ ಯವ್ವಾ?"

"ಬಾಯಿ ಬಿಡಬ್ಯಾಡ. ಹೂಂ ಅಂದಂಗ ತಲಿ ಆಡಿಸು, ಸಾಕು."

ಬಂಡಿ ಹೊಡೆಯುವ ಮೌನೇಶನ ಎತ್ತು ಸತ್ತಿತ್ತು. ಯಮನೂರ ಹೋಗಿ ಎದುರಿಗೆ ಕೂತ. ಮೌನೇಶ ಅತ್ತ, ಇವನು ತಲೆ ಆಡಿಸಿದ. ಮೌನೇಶ ಎದೆ ಬಡಿದುಕೊಂಡ, ಇವನು ತಲೆ ಆಡಿಸಿದ.

"ಜಡ್ಡಾಗಿದ್ದ ಎತ್ತನ್ನ ಬಂಡಿಗೆ ಹೂಡಿದೆ. ನಾನ ಕೊಂದ್ನೇನೋ ಯಮನೂರ?"

ಇವನು ಇನ್ನೂ ಜೋರಾಗಿ ತಲೆ ಆಡಿಸಿದ! ಮೌನೇಶ ಬಾರುಕೋಲು ಎತ್ತಿಕೊಂಡ. ಯಮನೂರ ಕಾಲಿಗೆ ಬುದ್ಧಿ ಹೇಳಿದ.

"ಅಯ್ಯೋ ಪೆದ್ದಪ್ಪಾ! ತಲಿ ಆಡಸಬ್ಯಾಡ. ಕಣ್ಣಾಗ ಕಣ್ಣಿಟ್ಟು ನೋಡು," ಅಂದಳು ಹಾಲವ್ವ.

"ಹೂಂ ಯವ್ವಾ."

ಪೈಲ್ವಾನ ದುರುಗಪ್ಪ ಕುಸ್ತಿಯಲ್ಲಿ ಸೋತು ಬಂದು ಮೂಲೆ ಹಿಡಿದಿದ್ದ. ಯಮನೂರ ಕಣ್ಣಲ್ಲಿ ಕಣ್ಣಿಟ್ಟ. ರೆಪ್ಪೆ ಬಡಿಯಲಿಲ್ಲ. ದುರುಗಪ್ಪ ಆ ಕಡೆ ತಿರುಗಿದ, ಇವನೂ ಆ ಕಡೆ ಹೋದ. ಈ ಕಡೆ ತಿರುಗಿದ, ಇವನೂ ಈ ಕಡೆ ಬಂದ.

"ಓಹೋ! ನೀನೂ ಬರ್ತಿಯೇನಲೇ ಕುಸ್ತಿಗೆ?" ಅಂತ ದುರುಗಪ್ಪ ಎತ್ತಿ ಒಗೆದ.

ಯಮನೂರ ಕುಂಟುತ್ತ ಮನೆಗೆ ಬಂದ.

"ಹಂಗ ಗುರಾಯಿಸಿದ್ರ ಮಂದಿ ಬಿಟ್ಟಾರೇನೋ! ಎದುರಿನವರ ಮಾರಿ ಹೆಂಗಿರ್ತದೋ ನಿನ್ನ ಮಾರೀನೂ ಹಂಗ ಇರ್ಲಿ."

ಬಳೆಗಾರ್ತಿ ಬಸಲಿಂಗವ್ವನಿಗೆ ಹಲ್ಲುನೋವು. ದವಡೆ ಊದಿ ಬಾಯಿ ಸೊಟ್ಟಗಾಗಿತ್ತು. ಯಮನೂರನೂ ಗಲ್ಲ ಉಬ್ಬಿಸಿದ, ಬಾಯಿ ಸೊಟ್ಟ ಮಾಡಿದ. ಮುಂದಿನದು ಏನು ಹೇಳಲಿ! ಕಸಬರಿಗೆ ಮುರಿಯುವ ತನಕ ಹೊಡೆದಳು.

ಹಾಲವ್ವ ಅರಿಶಿನ ಹಚ್ಚುತ್ತ ಅತ್ತಳು. "ಇನ್ನೇನೂ ಮಾಡಬ್ಯಾಡ ಮಗನ. ಅವರ ಹೆಗಲ ಮ್ಯಾಲ ಕೈ ಇಟ್ಟು ಸುಮ್ಮನ ಕೂಡು. ಅವರು ಹಗುರಾಗೋತನಕ ತೆಗೀಬ್ಯಾಡ."

ನೇಕಾರ ಕೂಡ್ಲೆಪ್ಪಜ್ಜನ ಹೆಂಡತಿ ತೀರಿ ಒಂಬತ್ತು ದಿನವಾಗಿತ್ತು. ಅಜ್ಜ ಅತ್ತಿರಲಿಲ್ಲ, ಮಾತಾಡಿರಲಿಲ್ಲ, ಸರಿಯಾಗಿ ತುತ್ತು ನುಂಗಿರಲಿಲ್ಲ. ಬಂದವರೆಲ್ಲ ಬುದ್ಧಿ ಹೇಳಿ ಹೋಗಿದ್ದರು.

ಯಮನೂರ ಹೋದವನೇ ಅಜ್ಜನನ್ನು ಎರಡೂ ಕೈಯಿಂದ ಎತ್ತಿದ. ಎಷ್ಟು ಭಾರ ಅಂತ ಅಂದಾಜು ಮಾಡಿದ, ಮೆಲ್ಲಗೆ ಕೆಳಗಿಟ್ಟ. ಹೆಗಲ ಮೇಲೆ ಕೈ ಇಟ್ಟು ಕೂತ.

ಬಿಸಿಲು ಏರಿತು, ಕೈ ತೆಗೆಯಲಿಲ್ಲ. ಅಜ್ಜ ನೀರು ಕುಡಿಯಲು ಎದ್ದ, ಕೈಯೂ ಜೊತೆಗೆ ಹೋಯಿತು. ಹಿತ್ತಲಿಗೆ ಹೋದ, ಕೈಯೂ ಹಿತ್ತಲಿಗೆ ಹೋಯಿತು!

"ಆಕೀನೂ ಹಿಂಗ... ಮಗ್ಗದ ಮುಂದ ಕುಂತಾಗ ಹೆಗಲ ಮ್ಯಾಲ ಕೈ ಇಡ್ತಿದ್ಲು," ಅಂದ ಅಜ್ಜ.

ಅಂದವನೇ ಗೊಳೋ ಅಂತ ಅತ್ತ. ಅಳುತ್ತ ಹೇಳಿದ, ಹೇಳುತ್ತ ಅತ್ತ. ಸಂಜೆಯಾಯಿತು. ಹಸಿವಾಯಿತು ಅಂತ ಮೂರು ರೊಟ್ಟಿ ತಿಂದು ಚರಿಗೆ ತುಂಬ ಮಜ್ಜಿಗೆ ಕುಡಿದ.

"ಈಗ ಹಗುರಾತೋ ತಮ್ಮಾ. ಕೈ ತಗಿ."

ಯಮನೂರ ಅಜ್ಜನನ್ನು ಮತ್ತೆ ಎತ್ತಿ ನೋಡಿದ.

"ಸುಳ್ಳ ಹೇಳ್ತಿ ಅಜ್ಜಾ! ಮುಂಜಾನಿಗಿಂತ ಭಾರ ಆಗೀಯಲ್ಲೋ!"

ಕೂಡ್ಲೆಪ್ಪಜ್ಜ ಬಿದ್ದು ಬಿದ್ದು ನಕ್ಕ. ಮಗನನ್ನು ಹುಡುಕಿಕೊಂಡು ಬಂದ ಹಾಲವ್ವ ಬಾಗಿಲಲ್ಲೇ ನಿಂತಳು. ಆ ನಗು ಅವಳ ಮಂದ ಕಿವಿಗೂ ಕೇಳಿತು. ಕಣ್ಣು ತುಂಬಿ ಬಂತು.

ತಾಯಿಯ ಕಣ್ಣಲ್ಲಿ ನೀರು ಕಂಡಿತಲ್ಲ, ಯಮನೂರ ಅವಳನ್ನೂ ಒಮ್ಮೆ ಎತ್ತಿ ಇಳಿಸಿ ಪಕ್ಕದಲ್ಲಿ ಕೂಡಿಸಿದ. ಒಂದು ಕೈ ಅಜ್ಜನ ಹೆಗಲ ಮೇಲೆ, ಇನ್ನೊಂದು ಕೈ ಅವ್ವನ ಹೆಗಲ ಮೇಲೆ.

"ಏಳೋ ಮಗನ, ಊಟ ಮಾಡು," ಅಂದಳು ಹಾಲವ್ವ.

"ಹೆಂಗ ಉಣ್ಣಲಿ ಯವ್ವಾ? ಎರಡೂ ಕೈ ಕೆಲಸದಾಗ ಅದಾವ," ಅಂತ ಯಮನೂರ ತುತ್ತಿಗೆ ಬಾಯಿ ತೆರೆದ.