ಕುಂಕುಮ ಹತ್ತಿದ ಕಾಸು

ಹಾಳೂರಿನ ದಿಬ್ಬದಲ್ಲಿ ಲೋಹ ಹುಡುಕುವ ಯಂತ್ರವೊಂದು ಕುಂಯ್‌ಗುಟ್ಟಿತು. ಅದರ ಯಜಮಾನ ಅಗೆದಾಗ ಒಂದು ಕಾಸು ಸಿಕ್ಕಿತು. ಅದರ ಒಂದು ಮುಖಕ್ಕೆ ಹಸಿರು ಕಿಲುಬು ಹಿಡಿದಿತ್ತು, ಇನ್ನೊಂದು ಮುಖ ಕೆಂಪಗಿತ್ತು.

"ನೀನು ತಾಮ್ರವೆಂಬುದು ನನಗೆ ಆಗಲೇ ತಿಳಿಯಿತು. ಈ ಕೆಂಪು ಯಾವ ಲೋಹದ್ದು?" ಎಂದು ಯಂತ್ರ ಕೇಳಿತು.

"ಲೋಹದ್ದಲ್ಲ, ಕುಂಕುಮದ್ದು," ಎಂದಿತು ಕಾಸು. "ಪುಟ್ಟಸಿದ್ದಮ್ಮ ಎಂಬಾಕೆ ದಿನಾ ಬೆಳಿಗ್ಗೆ ಹಣೆಗೆ ಮೇಣ ಹಚ್ಚಿ, ನನ್ನನ್ನು ಕುಂಕುಮದಲ್ಲಿ ಅದ್ದಿ ಒತ್ತಿಕೊಳ್ಳುತ್ತಿದ್ದಳು, ಬೊಟ್ಟು ದುಂಡಗೆ ಬರಲೆಂದು. ಎಷ್ಟೇ ಕಷ್ಟ ಬಂದರೂ ನನ್ನನ್ನು ಸಂತೆಗೆ ಒಯ್ಯಲಿಲ್ಲ. ಆ ಮೇಣ ಇನ್ನೂ ನನ್ನನ್ನು ಬಿಟ್ಟಿಲ್ಲ."

"ಇದಕ್ಕೆ ಸಾಕ್ಷಿ ಯಾರು?"

"ಅವಳ ಕನ್ನಡಿ. ಇಷ್ಟು ವರ್ಷವೂ ನನ್ನ ಮಗ್ಗುಲಲ್ಲೇ ಮಲಗಿತ್ತು. ಇನ್ನೊಂದು ಗೇಣು ಅಗೆಸು."

ಯಂತ್ರ ಗುಂಡಿಯ ಮೇಲೆ ಎರಡು ಸಲ ಸುತ್ತಾಡಿತು. "ಅಲ್ಲಿ ಏನೂ ಇಲ್ಲ. ಇದ್ದಿದ್ದರೆ ನಾನು ಕೂಗುತ್ತಿದ್ದೆ."

"ಅದು ಗಾಜು."

"ನಾನು ಕೂಗದಿದ್ದರೆ ಅಲ್ಲಿ ಏನೂ ಇಲ್ಲವೆಂದೇ ಲೆಕ್ಕ," ಎಂದಿತು ಯಂತ್ರ.

ಯಜಮಾನ ಗುಂಡಿ ಮುಚ್ಚತೊಡಗಿದ. ಕೊನೆಯ ಹಿಡಿ ಮಣ್ಣು ಬೀಳುವವರೆಗೂ ಕಾಸು ನೋಡುತ್ತಲೇ ಇತ್ತು. ಆಮೇಲೆ ಮೆಲ್ಲಗೆ ಹೇಳಿತು:

"ಹಾಗಾದರೆ ನಿನ್ನ ಯಜಮಾನನಿಗೆ ಬರೀ ತಾಮ್ರ ಸಿಕ್ಕಿತೆಂದು ಹೇಳು."